ಬೆಕ್ಕಿನ ಮೈಯೊಳಗೆ ಸಿಕ್ಕಿಬಿದ್ದ ಹುಲ್ಲಿನ ಚೂರು: ಮರಳಿ ಬರುವ ಕೀವಿನ ಮೂಲ ಹುಡುಕುವ ಬಗೆ

ಬೆಕ್ಕಿನ ದವಡೆಯ ಕೆಳಗೋ ಪಕ್ಕೆಯ ಮೇಲೋ ಒಂದು ಬಾವು ಏಳುತ್ತದೆ. ಒಡೆದು ಕೀವು ಸುರಿಯುತ್ತದೆ. ಪಂಚಾಯತಿನ ಮೃಗಾಸ್ಪತ್ರೆಯಲ್ಲಿ ತೊಳೆದು ಒಂದು ವಾರಕ್ಕೆ ಮದ್ದು ಕೊಡುತ್ತಾರೆ. ಗಾಯ ಮಾಯುತ್ತದೆ, ರೋಮವೂ ಚಿಗುರುತ್ತದೆ. ಮೂರು ವಾರ ಕಳೆದು ನೋಡಿದರೆ ಅದೇ ಜಾಗದಲ್ಲಿ ಮತ್ತೆ ಬಾವು. ಮತ್ತೆ ಅದೇ ಮದ್ದು, ಮತ್ತೆ ಗುಣ, ಮತ್ತೆ ಬಾವು. ಇಲ್ಲಿ ಮದ್ದನ್ನು ದೂರಿ ಫಲವಿಲ್ಲ. ಅದು ತನ್ನ ಕೆಲಸ ಮಾಡಿ ಸುತ್ತಲಿನ ರೋಗಾಣುಗಳನ್ನು ಕೊಂದಿದೆ. ಆದರೆ ರೋಗಾಣುಗಳಿಗೆ ಮನೆಯಾಗಿರುವ ಹುಲ್ಲಿನ ಚೂರನ್ನು ಯಾವ ಮಾತ್ರೆಯೂ ಕರಗಿಸುವುದಿಲ್ಲ. ಸಸ್ಯದ ನಾರನ್ನು ಜೀರ್ಣಿಸುವ ಶಕ್ತಿ ಬೆಕ್ಕಿನ ಮಾಂಸಖಂಡಕ್ಕೂ ಇಲ್ಲ, ರಕ್ತಕ್ಕೂ ಇಲ್ಲ. ಚೂರು ಹೊರಗೆ ಬರುವ ತನಕ ಕೀವು ನಿಲ್ಲದು.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಬೆಕ್ಕಿನ ಬಾವುಗಳಲ್ಲಿ ಬಹುಪಾಲು ಜಗಳದಲ್ಲಿ ತಿಂದ ಕಚ್ಚಿನಿಂದಲೇ ಬರುವಂಥವು, ಅದರಲ್ಲೂ ಬೀಜ ತೆಗೆಸದ ಗಂಡು ಬೆಕ್ಕುಗಳಲ್ಲಿ. ಅವು ಒಮ್ಮೆ ಕೀವು ಹೋಗಿ, ಸರಿಯಾದ ಮದ್ದು ಬಿದ್ದರೆ ಒಂದೆರಡು ವಾರದಲ್ಲಿ ಪೂರ್ತಿ ಗುಣವಾಗುತ್ತವೆ. ಆದ್ದರಿಂದ ಮೊದಲ ಬಾವಿಗೇ ಹುಲ್ಲನ್ನು ಹುಡುಕಿ ಬೆಕ್ಕನ್ನು ಕೊಯ್ಯಿಸಬೇಕಾಗಿಲ್ಲ. ಎರಡನೆಯ ಸಲ ಅದೇ ಜಾಗದಲ್ಲಿ ಬಂದರೆ ಹುಡುಕಲೇಬೇಕು.

ಯಾವ ಹುಲ್ಲು, ಯಾಕೆ ಹೀಗೆ

ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯ ತನಕ ಮುರಕಲ್ಲಿನ ಪದವುಗಳ ಮೇಲೆ ಮಳೆಗಾಲದಲ್ಲಿ ಹಸುರಾಗುವ ಹುಲ್ಲು, ಮಳೆ ಹಿಂದೆ ಸರಿದ ಮೇಲೆ ತೆನೆ ಬಿಟ್ಟು ಒಣಗುತ್ತದೆ. ಅಕ್ಟೋಬರಿನಿಂದ ಜನವರಿಯ ವರೆಗಿನ ಕಾಲ ಬೆಕ್ಕು ಸಾಕುವವರಿಗೆ ಎಚ್ಚರದ ಕಾಲ. ಮುಳಿಗುಡ್ಡೆಗಳಲ್ಲಿ ಈಟಿಯ ಹಾಗೆ ತೆನೆ ಬಿಡುವ ಹುಲ್ಲಿನ ಒಂದು ಬೀಜವನ್ನು ಅಂಗೈಯಲ್ಲಿ ಇಟ್ಟು ನೋಡಿ. ಬುಡ ಸೂಜಿಯ ಮೊನೆಯಷ್ಟು ಚೂಪು. ಮೊನೆಯ ಸುತ್ತ ಹಿಂದಕ್ಕೆ ಬಾಗಿದ ಗಡುಸು ರೋಮ. ತಲೆಯಿಂದ ಹೊರಡುವ ಉದ್ದನೆಯ ಹುರಿ ಒದ್ದೆಯಾದಾಗ ಬಿಚ್ಚಿಕೊಳ್ಳುತ್ತದೆ, ಒಣಗಿದಾಗ ಸುತ್ತಿಕೊಳ್ಳುತ್ತದೆ. ನೆಲದೊಳಗೆ ತನ್ನನ್ನು ತಾನೇ ಕೊರೆದುಕೊಂಡು ಇಳಿಯಲು ಆ ಬೀಜಕ್ಕೆ ಪ್ರಕೃತಿ ಕೊಟ್ಟ ಉಪಾಯ ಅದು. ಬೆಕ್ಕಿನ ರೋಮಕ್ಕೆ ಸಿಕ್ಕಿದರೆ ಚರ್ಮದ ಮೇಲೂ ಅದನ್ನೇ ಮಾಡುತ್ತದೆ. ಬೆಕ್ಕು ಒಂದೊಂದು ಹೆಜ್ಜೆ ಇಟ್ಟಾಗಲೂ ಸ್ನಾಯು ಅದನ್ನು ಚೂರು ಚೂರೇ ಮುಂದಕ್ಕೆ ತಳ್ಳುತ್ತದೆ. ಹಿಂದಕ್ಕೆ ಬರಲು ಮೊನೆಯ ಸುತ್ತಲಿನ ಆ ಗಡುಸು ರೋಮ ಬಿಡುವುದಿಲ್ಲ.

ಗುಡ್ಡೆ ಹತ್ತಿ ಇಳಿದರೆ ಲುಂಗಿಯ ಅಂಚಿಗೂ ಸೀರೆಯ ನೆರಿಗೆಗೂ ನೂರಾರು ಕಚ್ಚಿಕೊಳ್ಳುವ ಸಣ್ಣ ಹುಲ್ಲಿನ ಬೀಜವೂ ಇದೇ ಬಗೆಯದು. ಉತ್ತರಣೆಯ ಕಾಯಿಯ ಸುತ್ತ ಮುಳ್ಳಿನಂಥ ಎಸಳುಗಳಿವೆ. ಹಟ್ಟಿಯ ಅಟ್ಟದಲ್ಲಿ ತುಂಬಿಟ್ಟ ಬೈಹುಲ್ಲಿನಲ್ಲಿ ತೆನೆಯ ತುಂಡು, ಉಮಿ, ಮೀಸೆ ಇರುವ ಭತ್ತದ ಮೀಸೆ ಸಿಗುತ್ತವೆ. ಇಲಿಗಾಗಿ ಬೆಕ್ಕು ಕಾದು ಕೂರುವ ಜಾಗವೂ, ಮರಿ ಹಾಕುವ ಜಾಗವೂ ಅದೇ ಅಟ್ಟ ಎಂಬುದನ್ನು ಮರೆಯಬಾರದು. ಇವಲ್ಲದೆ ನಾಚಿಕೆಮುಳ್ಳು, ಬಿದಿರಿನ ಸಿಬಿರು, ಹಿಡಿಸೂಡಿಯಿಂದ ಮುರಿದ ತೆಂಗಿನ ಕಡ್ಡಿ.

ಇನ್ನೊಂದು ಬೇರೆಯೇ ಜಾತಿಯ ತೊಂದರೆ ಎಲೆಯಿಂದ ಬರುತ್ತದೆ. ಬೆಕ್ಕು ಹಸಿ ಹುಲ್ಲು ತಿನ್ನುವುದು ಸಹಜ. ಮಜ್ಜಿಗೆಹುಲ್ಲು, ನೇಪಿಯರ್ ಹುಲ್ಲುಗಳ ಎಲೆಯ ಅಂಚು ಗರಗಸದ ಹಾಗೆ. ತಿಂದದ್ದನ್ನು ವಾಂತಿ ಮಾಡುವಾಗ ಒಂದು ಎಸಳು ಬಾಯಿಗೆ ಬಾರದೆ ಅಂಗುಳಿನ ಹಿಂಬದಿಗೆ ಹೋಗಿ, ಮೂಗಿನ ಒಳದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನಾಯಿಗಿಂತ ಬೆಕ್ಕಿನಲ್ಲಿ ಇದನ್ನು ಹೆಚ್ಚು ನೆನಪಿಡಬೇಕು.

ಬೆಕ್ಕಿನ ನಾಲಗೆಯೂ ಇದಕ್ಕೆ ಕೂಡಿಕೊಳ್ಳುತ್ತದೆ. ನಾಲಗೆಯ ಮೇಲಿನ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿವೆ. ಮೈ ನೆಕ್ಕುವಾಗ ಸಿಕ್ಕಿದ್ದು ಒಳಗೇ ಹೋಗಬೇಕು, ಉಗುಳಲು ದಾರಿ ಇಲ್ಲ. ಹೀಗೆ ರೋಮದ ಮೇಲಿದ್ದ ಬೀಜ ಒಸಡಿಗೋ ನಾಲಗೆಯ ಬುಡಕ್ಕೋ ಚುಚ್ಚುತ್ತದೆ, ಇಲ್ಲವೇ ಉಸಿರಿನ ಜೊತೆ ಶ್ವಾಸನಾಳಕ್ಕೆ ಇಳಿಯುತ್ತದೆ.

ಎಲ್ಲಿ ಹೊಕ್ಕರೆ ಏನು ಕಾಣುತ್ತದೆ

ಮೂಗಿಗೆ ಹೊಕ್ಕರೆ ಗುರುತು ಥಟ್ಟನೆ. ಬೆಳಿಗ್ಗೆ ಚೆನ್ನಾಗಿದ್ದ ಬೆಕ್ಕು ಮಧ್ಯಾಹ್ನ ಎಡೆಬಿಡದೆ ಸೀನುತ್ತದೆ, ಮುಂಗಾಲಿನಿಂದ ಮೂಗು ಉಜ್ಜುತ್ತದೆ. ಒಂದೆರಡು ದಿನದಲ್ಲಿ ಸೀನು ಕಡಿಮೆಯಾದರೆ ಗುಣವಾಯಿತೆಂದು ಸಮಾಧಾನಪಡಬೇಡಿ. ಒಂದೇ ಹೊಳ್ಳೆಯಿಂದ ಗಟ್ಟಿ ಸಿಂಬಳ, ಕೆಲವೊಮ್ಮೆ ರಕ್ತದ ಎಳೆ, ಕೆಟ್ಟ ವಾಸನೆ ಶುರುವಾಗುತ್ತದೆ. ಎರಡೂ ಹೊಳ್ಳೆಯಲ್ಲಿ ನೀರು, ಕಣ್ಣಿನಲ್ಲೂ ನೀರು, ಜ್ವರ ಇದ್ದರೆ ಅದು ಹೆಚ್ಚಾಗಿ ವೈರಸ್ಸಿನ ಶೀತ. ಒಂದೇ ಹೊಳ್ಳೆಯಾದರೆ ಒಳಗೆ ಏನಾದರೂ ಇದೆಯೇ ಎಂದು ನೋಡಿಸಬೇಕು. ಎಲೆ ಅಂಗುಳಿನ ಹಿಂದೆ ಕೂತರೆ ಸೀನಿಗಿಂತ ಓಕರಿಕೆ, ಮತ್ತೆ ಮತ್ತೆ ನುಂಗುವುದು, ಕತ್ತು ಚಾಚಿ ಗೊರಗೊರ ಸದ್ದು ಮಾಡುವುದು ಹೆಚ್ಚು.

ಕಣ್ಣಿಗೆ ಬಿದ್ದರೆ ಒಂದು ಕಣ್ಣು ಮಾತ್ರ ಮುಚ್ಚಿಕೊಂಡು ನೀರು ಸುರಿಯುತ್ತದೆ. ಬೀಜ ಒಳಮೂಲೆಯ ಮೂರನೆಯ ರೆಪ್ಪೆಯ ಹಿಂದೆ ಅಡಗಿ, ಕಣ್ಣು ಮಿಟುಕಿಸಿದ ಪ್ರತಿ ಸಲವೂ ಕಣ್ಣಿನ ಪಾರದರ್ಶಕ ಪದರವನ್ನು ಗೀರುತ್ತದೆ. ಒಂದು ದಿನವೂ ಕಾಯಬೇಡಿ. ಮನೆಯಲ್ಲಿರುವ ಹಳೆಯ ಕಣ್ಣಿನ ಹನಿಯನ್ನು ಹಾಕಲೂಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಗೀರು ಹುಣ್ಣಾಗಿ ಆಳಕ್ಕೆ ಇಳಿಯುತ್ತದೆ. ಕಿವಿಗೆ ಹೊಕ್ಕರೆ ತಲೆ ಒಂದು ಬದಿಗೆ ವಾಲುತ್ತದೆ, ಬೆಕ್ಕು ತಲೆ ಕೊಡಹುತ್ತದೆ. ಬಿಸಿ ಎಣ್ಣೆ ಹೊಯ್ಯುವ ಅಭ್ಯಾಸ ಬೇಡ. ಕಿವಿಯ ತಮಟೆ ತೂತಾಗಿದ್ದರೆ ಎಣ್ಣೆ ನಡುಕಿವಿಗೇ ಇಳಿಯುತ್ತದೆ.

ಕಾಲಿನ ಬೆರಳ ಸಂದಿಯಲ್ಲಾದರೆ ಕುಂಟುವುದು, ಒಂದೇ ಜಾಗವನ್ನು ನೆಕ್ಕುವುದು, ಬೆರಳ ನಡುವೆ ಕೆಂಪು ಗುಳ್ಳೆ. ಒಸಡಿಗೋ ನಾಲಗೆಯಡಿಗೋ ಚುಚ್ಚಿದರೆ ಜೊಲ್ಲು, ದುರ್ವಾಸನೆ, ತಟ್ಟೆಯ ಹತ್ತಿರ ಬಂದು ತಿನ್ನದೆ ಹಿಂದೆ ಸರಿಯುವುದು, ಆಮೇಲೆ ದವಡೆಯ ಕೆಳಗೆ ಬಾವು.

ನಿಜವಾಗಿ ಜೀವಕ್ಕೆ ಎರವಾಗುವುದು ಎದೆಯದು. ಉಸಿರಿನ ಜೊತೆ ಇಳಿದ ಬೀಜ ಶ್ವಾಸನಾಳದ ತುದಿ ತಲುಪಿ, ಶ್ವಾಸಕೋಶವನ್ನು ತೂರಿ, ಎದೆಗೂಡಿನ ಒಳಪೊರೆಯ ನಡುವಿನ ಜಾಗಕ್ಕೆ ಬೀಳಬಹುದು. ಜೊತೆಗೆ ಬಾಯಿಯ ರೋಗಾಣುಗಳನ್ನೂ ಒಯ್ಯುತ್ತದೆ. ಅಲ್ಲಿ ಕೀವು ಕಟ್ಟಿ ಶ್ವಾಸಕೋಶ ಹಿಗ್ಗಲು ಜಾಗ ಸಾಲದಾಗುತ್ತದೆ. ಎದೆಯ ಕೀವಿಗೆ ಕಚ್ಚಿದ ಗಾಯ, ನ್ಯುಮೋನಿಯಾ ಕೂಡ ಕಾರಣ. ಬೆಕ್ಕಿನಲ್ಲಿ ಹುಲ್ಲಿಗಿಂತ ಅವೇ ಹೆಚ್ಚು. ಕಾರಣ ಯಾವುದಿದ್ದರೂ ಮನೆಯವರು ಮೊದಲು ಮಾಡಬೇಕಾದ ಕೆಲಸ ಒಂದೇ, ಕೆಳಗೆ ಹೇಳಿದ ಹಾಗೆ ಉಸಿರು ಎಣಿಸುವುದು. ಎದೆಯಿಂದ ಇನ್ನೂ ಹಿಂದಕ್ಕೆ, ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಬೆನ್ನೆಲುಬಿಗೆ ಅಂಟಿರುವ ಜಾಗದ ಮೂಲಕ ಚೂರು ಸೊಂಟದ ಸ್ನಾಯುವಿಗೆ ಸರಿದದ್ದೂ ಉಂಟು. ಆಗ ಬೆನ್ನು ಗೂನು, ಮುಟ್ಟಿದರೆ ಗುರ್ರೆನ್ನುವುದು, ಬಂದು ಹೋಗುವ ಜ್ವರ, ಕೊನೆಗೆ ಪಕ್ಕೆಯ ಹಿಂಭಾಗದಲ್ಲಿ ಕೀವಿನ ತೂತು. ಒಳಹೊಕ್ಕದ್ದಕ್ಕೂ ಬಾವು ಕಂಡದ್ದಕ್ಕೂ ನಡುವೆ ವಾರಗಳೇಕೆ, ತಿಂಗಳುಗಳೇ ಕಳೆದಿರಬಹುದು. ಹಾಗಾಗಿ ಮಾರ್ಚಿನಲ್ಲಿ ಕಂಡ ಬಾವಿಗೆ ನವೆಂಬರಿನ ಹುಲ್ಲು ಕಾರಣವಾಗಿರಲು ಸಾಧ್ಯ.

ಉಸಿರು ಎಣಿಸುವುದು

ಇದನ್ನು ಬೆಕ್ಕು ಆರೋಗ್ಯದಿಂದ ಇರುವಾಗಲೇ ಕಲಿತಿರಬೇಕು. ಬೆಕ್ಕು ನಿದ್ದೆ ಮಾಡುವಾಗ, ಮುಟ್ಟದೆ, ಹೊಟ್ಟೆ-ಪಕ್ಕೆ ಒಮ್ಮೆ ಏರಿ ಇಳಿದದ್ದನ್ನು ಒಂದು ಎಂದು ಲೆಕ್ಕ ಹಿಡಿದು 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿದ್ದರೆ ಚಿಂತೆ ಇಲ್ಲ. ಗುರುಗುಟ್ಟುವಾಗ, ಆಡಿ ಬಂದ ಕೂಡಲೇ, ಕೂಳಿಗೆ ಕಾಯುತ್ತಿರುವಾಗ, ಸೆಕೆಯ ಮಧ್ಯಾಹ್ನದಲ್ಲಿ ಎಣಿಸಿದ ಲೆಕ್ಕ ಸರಿಯಾಗದು. ಸಮಾಧಾನದ ನಿದ್ದೆಯಲ್ಲೂ 40 ದಾಟಿದರೆ ಅದೇ ದಿನ ವೈದ್ಯರಿಗೆ ತೋರಿಸಿ. ಬಾಯಿ ತೆರೆದು ಉಸಿರಾಡಿದರೆ, ಒಸಡು ನೀಲಿ ಅಥವಾ ಬೂದು ಆದರೆ, ಮೊಣಕೈ ಹೊರಕ್ಕೆ ಚಾಚಿ ಕತ್ತು ನೀಟಿ ಕೂತು ಮಲಗಲು ಒಪ್ಪದಿದ್ದರೆ ಒಂದು ಗಂಟೆಯೂ ತಡ ಮಾಡುವ ಹಾಗಿಲ್ಲ.

ಜ್ವರ ಗುದದ್ವಾರದಲ್ಲಿ ನೋಡಿದರೆ 38ರಿಂದ 39.2 ಡಿಗ್ರಿ ಸೆಲ್ಸಿಯಸ್ ಸಹಜ. ಥರ್ಮಾಮೀಟರಿನ ತುದಿಗೆ ತೆಂಗಿನೆಣ್ಣೆ ಸವರಿ ಒಂದೆರಡು ಸೆಂಟಿಮೀಟರ್ ಮಾತ್ರ ಒಳಗೆ. ಮೂಗು ಮುಟ್ಟಿ ಜ್ವರ ಹೇಳುವ ಕ್ರಮಕ್ಕೆ ಬೆಲೆ ಇಲ್ಲ. ಉಸಿರಿಗೆ ಕಷ್ಟಪಡುವ ಬೆಕ್ಕಿಗೆ ಈ ಥರ್ಮಾಮೀಟರಿನ ಹಿಂಸೆಯನ್ನೂ ಕೊಡಬೇಡಿ.

ಮನೆಯಲ್ಲಿ ಮೈ ತಡವಿ ನೋಡುವ ಕ್ರಮ

ಒಣ ಹುಲ್ಲಿನ ಕಾಲದಲ್ಲಿ ದಿನಕ್ಕೊಮ್ಮೆ, ಸಂಜೆ ಊಟ ಹಾಕುವ ಮೊದಲು ಹತ್ತು ನಿಮಿಷ. ಬೇಕಾದದ್ದು ಒಂದು ಬೈರಾಸು, ಹತ್ತಿರ ಹಲ್ಲಿನ ಬಾಚಣಿಗೆ, ತುದಿ ಚಪ್ಪಟೆ ಇರುವ ಚಿಮುಟ, ಟಾರ್ಚು, ಉಪ್ಪುನೀರು. ಉಪ್ಪುನೀರಿಗೆ ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಮಟ್ಟಸ ಚಹಾ ಚಮಚ, ಅಂದರೆ ಸುಮಾರು 5 ಗ್ರಾಂ ಉಪ್ಪು. ಹೆಚ್ಚು ಉಪ್ಪಾದರೆ ಗಾಯ ಉರಿಯುತ್ತದೆ. ಮರುದಿನಕ್ಕೆ ಹೊಸತನ್ನೇ ಮಾಡಿ.

ಬೆಕ್ಕನ್ನು ಬೈರಾಸಿನ ಮೇಲೆ ಕೂರಿಸಿ, ಮುಖ ನಿಮ್ಮಿಂದ ಆಚೆಗಿರಲಿ. ತಲೆಯಿಂದ ಶುರು ಮಾಡಿ. ಎರಡು ಕಣ್ಣನ್ನೂ ಹೋಲಿಸಿ, ಹೊಳ್ಳೆ ನೋಡಿ, ಕಿವಿಯನ್ನು ಹಿಂದಕ್ಕೆ ಮಡಚಿ ಟಾರ್ಚು ಹಾಕಿ. ತುಟಿ ಎತ್ತಿ ಒಸಡು ನೋಡಿ. ಆಮೇಲೆ ದವಡೆಯ ಕೆಳಗೆ, ಕಂಕುಳು, ಎದೆಯ ಕೆಳಗೆ, ತೊಡೆಸಂದು, ಬಾಲದ ಅಡಿ. ಬೆರಳಿನ ತುದಿಯನ್ನು ರೋಮದ ವಿರುದ್ಧ ದಿಕ್ಕಿಗೆ ಎಳೆಯಿರಿ. ಚೂರು ಇದ್ದರೆ ಆ ದಿಕ್ಕಿಗೇ ಚುಚ್ಚುತ್ತದೆ. ಕೊನೆಗೆ ಪಾದ. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಬೆರಳು. ಒಂದೊಂದು ಸಂದಿಯನ್ನೂ ಬಿಡಿಸಿ ನೋಡಬೇಕು. ಬಹಳಷ್ಟು ಜನ ಕೈತಪ್ಪಿ ಬಿಡುವುದು ಇದನ್ನೇ. ಉದ್ದ ರೋಮದ ಪರ್ಶಿಯನ್ ತಳಿಯದ್ದಾದರೆ ಬೆರಳ ಸಂದಿಯ ರೋಮವನ್ನು ಸೆಪ್ಟೆಂಬರಿನಲ್ಲೇ ಕತ್ತರಿಸಿಬಿಡುವುದು ಒಳ್ಳೆಯದು.

ಅರ್ಧ ಹೊರಗೆ ಕಾಣುವ ಬೀಜವಾದರೆ ಉಪ್ಪುನೀರಿನಲ್ಲಿ ಅದ್ದಿದ ಹತ್ತಿಯನ್ನು ಎರಡು ನಿಮಿಷ ಇಟ್ಟು, ಚರ್ಮಕ್ಕೆ ತಾಗಿಕೊಂಡ ಹಾಗೆ ಚಿಮುಟ ಹಿಡಿದು, ಹೊಕ್ಕ ದಿಕ್ಕಿನ ನೇರ ವಿರುದ್ಧಕ್ಕೆ ಒಂದೇ ಸಮನೆ ಎಳೆಯಿರಿ. ತಿರುಚಬೇಡಿ, ಜಗ್ಗಬೇಡಿ. ಹೊರಬಂದದ್ದರ ತುದಿ ಚೂಪಾಗಿಯೇ ಇದೆಯೇ ನೋಡಿ. ಮೊಂಡಾಗಿದ್ದರೆ ಮೊನೆ ಒಳಗೆ ಉಳಿದಿದೆ ಎಂದು ಅರ್ಥ. ಅಂಥ ಜಾಗದ ರೋಮವನ್ನು ಸ್ವಲ್ಪ ಕತ್ತರಿಸಿ ಗುರುತು ಮಾಡಿ, ತೆಗೆದ ಚೂರನ್ನು ಒಣ ಸೀಸೆಯಲ್ಲಿ ಹಾಕಿ, ಸ್ಕೇಲಿನ ಪಕ್ಕ ಇಟ್ಟು ಫೋಟೋ ತೆಗೆದುಕೊಳ್ಳಿ. ವೈದ್ಯರು ಸ್ಕ್ಯಾನ್ ಮಾಡುವಾಗ ಏನನ್ನು, ಎಷ್ಟು ಉದ್ದದ್ದನ್ನು ಹುಡುಕಬೇಕೆಂದು ಅದರಿಂದ ತಿಳಿಯುತ್ತದೆ.

ಮೂಗಿನಿಂದ ಹುಲ್ಲಿನ ಎಸಳಿನ ತುದಿ ಹೊರಗೆ ಇಣುಕುತ್ತಿದ್ದರೆ ಒಮ್ಮೆ ಮೆಲ್ಲಗೆ ಎಳೆದು ನೋಡಬಹುದು. ಸ್ವಲ್ಪ ತಡೆದರೂ ಅಲ್ಲಿಗೇ ಬಿಟ್ಟುಬಿಡಿ, ಕತ್ತರಿಸಲೂಬೇಡಿ. ಹೊರಗಿನ ತುದಿಯೇ ವೈದ್ಯರಿಗೆ ಇರುವ ಹಿಡಿ. ಬಾಯಿಯಿಂದಲೋ ಗುದದಿಂದಲೋ ನೂಲು ಜೋಲುತ್ತಿದ್ದರೆ ಅದು ಹುಲ್ಲಿನ ವಿಷಯವಲ್ಲ, ಅದನ್ನು ಎಳೆಯಲೇಬಾರದು. ಕರುಳನ್ನು ಕೊಯ್ಯುತ್ತದೆ.

ಮಾಡಬಾರದ್ದು

ಬಾವನ್ನು ಹಿಂಡಬೇಡಿ. ಹಿಂಡಿದರೆ ಕೀವಿನ ಚೀಲ ಒಳಮುಖವಾಗಿ ಒಡೆದು ಚೂರು ಇನ್ನೂ ಆಳಕ್ಕೆ ಸರಿಯುತ್ತದೆ. ಮನೆಯ ಬ್ಲೇಡಿನಿಂದ ಕೊಯ್ಯಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಐದು ನಿಮಿಷ, ದಿನಕ್ಕೆ ಮೂರು ಸಲ ಶಾಖ ಕೊಟ್ಟರೆ ಸಾಕು. ತಾನಾಗಿ ಒಡೆದ ತೂತಿಗೆ ಪೌಡರ್ ತುಂಬಬೇಡಿ, ಪ್ಲಾಸ್ಟರ್ ಹಚ್ಚಿ ಮುಚ್ಚಬೇಡಿ. ಕೀವಿಗೆ ಹೊರದಾರಿ ಬೇಕು.

ಮನುಷ್ಯರ ಜ್ವರದ ಮಾತ್ರೆ ಬೇಡವೇ ಬೇಡ. ಪ್ಯಾರಾಸಿಟಮಾಲನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಒಂದೇ ಮಾತ್ರೆಗೆ ರಕ್ತ ಕಂದು ಬಣ್ಣಕ್ಕೆ ತಿರುಗಿ ಆಮ್ಲಜನಕ ಒಯ್ಯಲಾರದೆ ಬೆಕ್ಕು ಸಾಯಬಹುದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಹಾಗೆಯೇ ಅಪಾಯ. ಡೆಟ್ಟಾಲ್, ಫಿನೈಲ್ ಹಾಕಿ ಗಾಯ ತೊಳೆಯಬಾರದು. ಬೆಕ್ಕು ಅದನ್ನು ನೆಕ್ಕಿ ನುಂಗುತ್ತದೆ.

ಮಳೆಗಾಲದಲ್ಲಿ ಕೀವಿನ ತೂತಿಗೆ ನೊಣ ಕೂತು ಹುಳ ಬೀಳುವುದುಂಟು. ದನದ ಗಾಯಕ್ಕೆ ಹಾಕುವ ಟರ್ಪೆಂಟೈನ್ ಎಣ್ಣೆ, ಕರ್ಪೂರ ಕರಗಿಸಿದ ತೆಂಗಿನೆಣ್ಣೆ, ನುಸಿಗುಳಿಗೆ ಪುಡಿ ಹಟ್ಟಿಯಲ್ಲಿ ಕೈಗೆ ಸಿಗುತ್ತವೆ. ಇವು ಮೂರೂ ಬೆಕ್ಕಿಗೆ ವಿಷ. ಉಪ್ಪುನೀರು ಹಾಯಿಸಿ ಕಾಣುವ ಹುಳಗಳನ್ನು ಚಿಮುಟದಿಂದ ಹೆಕ್ಕಿ, ಅದೇ ದಿನ ಆಸ್ಪತ್ರೆಗೆ ಒಯ್ಯಿರಿ.

ಕೀವು ಮುಟ್ಟುವಾಗ ಕೈಗೆ ಗವಸು ಹಾಕಿ. ಗಿಡದ ಸಿಬಿರಿನ ಜೊತೆ ಒಳಹೊಗುವ ಸ್ಪೊರೋಥ್ರಿಕ್ಸ್ ಎಂಬ ಶಿಲೀಂಧ್ರ ಬೆಕ್ಕಿನಲ್ಲಿ ಮಾಯದ ಹುಣ್ಣುಗಳನ್ನು ಎಬ್ಬಿಸುತ್ತದೆ. ಆ ಹುಣ್ಣಿನಿಂದ, ಬೆಕ್ಕು ಪರಚಿದರೆ, ಅದು ಮನುಷ್ಯರಿಗೂ ಹತ್ತುತ್ತದೆ.

ಆಸ್ಪತ್ರೆಗೆ ಹೋಗುವಾಗ

ಒಂದು ಪುಸ್ತಕದಲ್ಲಿ ತಾರೀಕು ಬರೆದಿಡಿ. ಬಾವು ಕಂಡ ದಿನ, ಎಡವೋ ಬಲವೋ, ಒಡೆದ ದಿನ, ಕೊಟ್ಟ ಮದ್ದಿನ ಹೆಸರು, ಎಷ್ಟು ದಿನ, ಮದ್ದು ನಿಲ್ಲಿಸಿದ ಎಷ್ಟನೆಯ ದಿನಕ್ಕೆ ಮರಳಿ ಬಂತು. ಮದ್ದು ತಿನ್ನುವಾಗ ಗುಣ, ನಿಲ್ಲಿಸಿದ ಮೇಲೆ ಮರುಕಳಿಕೆ ಎಂಬ ಈ ಏರಿಳಿತವೇ ಒಳಗಿರುವ ಚೂರಿನ ಅತಿ ದೊಡ್ಡ ಸುಳಿವು. ಪ್ರತಿ ಸಲ ಬೇರೆ ವೈದ್ಯರಿಗೆ ತೋರಿಸಿದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರತಿಯೊಬ್ಬರಿಗೂ ಅದು ಮೊದಲ ಬಾವೇ.

ತೂಕವನ್ನೂ ಬರೆಯಿರಿ. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು ಕಳೆದರಾಯಿತು. 4 ಕಿಲೋ ಬೆಕ್ಕು 400 ಗ್ರಾಂ ಇಳಿಯುವುದೆಂದರೆ ಹತ್ತರಲ್ಲೊಂದು ಪಾಲು, ಅದು ಸಣ್ಣ ಮಾತಲ್ಲ.

ಗಡಿಯ ಈ ಕಡೆ, ಕೇರಳದ ಮೃಗಾಸ್ಪತ್ರೆಗಳಲ್ಲಿ ವೈದ್ಯರು ತೆಂಕಣ ಜಿಲ್ಲೆಗಳಿಂದ ಬಂದವರಾಗಿರುವುದು ಸಾಮಾನ್ಯ. ಮಾತು ತಪ್ಪಿದರೆ ಚಿಕಿತ್ಸೆಯೂ ತಪ್ಪೀತು. ಕೀವಿಗೆ ಮಲಯಾಳದಲ್ಲಿ ಪಳುಪ್ಪ್ ಎನ್ನುತ್ತಾರೆ. ಸೀನಿಗೆ ತುಮ್ಮಲ್, ಕೆಮ್ಮಿಗೆ ಚುಮ. ಇವೆರಡನ್ನು ಅದಲುಬದಲು ಮಾಡಬೇಡಿ, ಒಂದು ಮೂಗಿನ ದೂರು, ಇನ್ನೊಂದು ಎದೆಯದು. ಉಸಿರು ಕಟ್ಟುತ್ತದೆ ಎನ್ನಲು ಶ್ವಾಸಂ ಮುಟ್ಟಲ್. ಹುಲ್ಲು ಪುಲ್ಲ್. ಮಾತಿಗಿಂತ ಫೋನಿನಲ್ಲಿ ತೆಗೆದ ಅರ್ಧ ನಿಮಿಷದ ವೀಡಿಯೋ ಮೇಲು. ಆಸ್ಪತ್ರೆಯ ಮೇಜಿನ ಮೇಲೆ ಹೆದರಿದ ಬೆಕ್ಕು ಮನೆಯಲ್ಲಿ ಮಾಡಿದ್ದನ್ನು ಅಲ್ಲಿ ಮಾಡಿ ತೋರಿಸುವುದಿಲ್ಲ.

ಉಸಿರಿನ ಕಷ್ಟ ಇರುವ ಬೆಕ್ಕನ್ನು ಗೋಣಿಯಲ್ಲಿ ಕಟ್ಟಿ ಒಯ್ಯಬೇಡಿ, ಅಂಗಾತ ಮಲಗಿಸಬೇಡಿ. ಗಾಳಿಯಾಡುವ ಪೆಟ್ಟಿಗೆಯಲ್ಲಿ ತನಗೆ ಬೇಕಾದ ಹಾಗೆ ಕೂರಲಿ, ಪೆಟ್ಟಿಗೆಯ ಮೇಲೆ ತೆಳು ಬಟ್ಟೆ ಹೊದೆಸಿ. ಹೊರಡುವ ಮೊದಲು ಹಾಲು ಅನ್ನ ತಿನ್ನಿಸಬೇಡಿ. ಅರಿವಳಿಕೆ ಕೊಡಬೇಕಾದೀತು. ಎಕ್ಸ್‌ರೇ, ಸ್ಕ್ಯಾನ್, ಎದೆಗೆ ನಳಿಕೆ ಇಡುವ ಸೌಕರ್ಯ ಎಲ್ಲಿದೆ ಎಂದು ಫೋನು ಮಾಡಿ ಕೇಳಿಕೊಂಡೇ ಹೊರಡಿ. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್. ದೊಡ್ಡ ಶಸ್ತ್ರಚಿಕಿತ್ಸೆಗೆ ತ್ರಿಶ್ಶೂರಿನ ಮಣ್ಣುತ್ತಿ ಮತ್ತು ವಯನಾಡಿನ ಪೂಕೋಡಿನಲ್ಲಿ ಪಶುವೈದ್ಯ ಕಾಲೇಜುಗಳಿವೆ, ಆದರೆ ಎದೆಯಲ್ಲಿ ಕೀವು ತುಂಬಿದ ಬೆಕ್ಕನ್ನು ಹತ್ತಿರದಲ್ಲೇ ಕೀವು ತೆಗೆಸದೆ ಅಷ್ಟು ದೂರ ಒಯ್ಯಬಾರದು.

ಅಲ್ಲಿ ಏನು ಮಾಡುತ್ತಾರೆ, ನೀವು ಏನು ಕೇಳಬೇಕು

ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದರೆ ಹುಲ್ಲು ಇಲ್ಲ ಎಂದಾಗುವುದಿಲ್ಲ. ಹುಲ್ಲು, ಮುಳ್ಳು, ಸಿಬಿರು ಸುತ್ತಲಿನ ಮಾಂಸದಷ್ಟೇ ಸಾಂದ್ರ, ಎಕ್ಸ್‌ರೇ ಅವುಗಳ ಮೂಲಕ ಹಾಯ್ದುಹೋಗುತ್ತದೆ. ಎದೆಯಲ್ಲಿ ನೀರು ಅಥವಾ ಕೀವು ಎಷ್ಟಿದೆ, ಶ್ವಾಸಕೋಶದ ಯಾವ ಭಾಗ ಬಿಳಿಚಿದೆ, ಬೆನ್ನೆಲುಬಿಗೆ ಹಾನಿ ಇದೆಯೇ ಎಂಬುದಕ್ಕೆ ಅದು ಬೇಕು. ಬೀಜವನ್ನೇ ಕಾಣಲು ಅಲ್ಟ್ರಾಸೌಂಡ್ ಒಳ್ಳೆಯದು. ಕೀವಿನ ಕಪ್ಪು ಕೊಳದ ನಡುವೆ ಎರಡು ತುದಿ ಚೂಪಾದ ಬಿಳಿ ಗೆರೆಯಾಗಿ ಅದು ಕಾಣುತ್ತದೆ. ಶ್ವಾಸಕೋಶದ ಗಾಳಿಯ ಹಿಂದೆ ಇದ್ದರೆ ಅಲ್ಟ್ರಾಸೌಂಡೂ ಸೋಲುತ್ತದೆ, ಅಲ್ಲಿಗೆ ಸಿಟಿ ಸ್ಕ್ಯಾನ್ ಬೇಕು. ಮೂಗಿನದ್ದಕ್ಕೆ ಅರಿವಳಿಕೆ ಕೊಟ್ಟು ಮೆದು ಅಂಗುಳನ್ನು ಕೊಕ್ಕೆಯಿಂದ ಮುಂದಕ್ಕೆ ಎಳೆದು, ಹಿಂದೆ ಕನ್ನಡಿ ಅಥವಾ ಬಾಗುವ ಎಂಡೋಸ್ಕೋಪಿನಿಂದ ನೋಡುತ್ತಾರೆ. ಎಸಳು ಅಲ್ಲೇ ಇದ್ದರೆ ತೆಗೆಯಲು ಕೆಲವೇ ನಿಮಿಷ ಸಾಕು.

ಕೀವನ್ನು ಸೂಜಿಯಿಂದ ತೆಗೆದು ಕಲ್ಚರಿಗೆ, ಅಂದರೆ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ, ಕಳಿಸಿ ಎಂದು ಕೇಳಿ. ಹೊಸ ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲೇ ತೆಗೆಯಬೇಕು. ಗಾಳಿ ಬೇಕಾದ ರೋಗಾಣು, ಗಾಳಿ ಬೇಡದ ರೋಗಾಣು, ಎರಡಕ್ಕೂ ಪರೀಕ್ಷೆ ಬೇಕು, ಏಕೆಂದರೆ ಇಂಥ ಕೀವಿನಲ್ಲಿ ಗಾಳಿ ಬೇಡದವೇ ಹೆಚ್ಚು. ಕೀವಿನಲ್ಲಿ ರವೆಯಂಥ ಹಳದಿ ಕಣಗಳು ಕಂಡರೆ ತೋರಿಸಿ. ಆಕ್ಟಿನೋಮೈಸಿಸ್ ಎಂಬ ರೋಗಾಣುವಿನ ಗುರುತು ಅದು, ಹುಲ್ಲಿನ ಜೊತೆ ಒಳಗೆ ಹೋಗುವುದರಲ್ಲಿ ಹೆಸರಾದದ್ದು. ಅದರ ಹಾಗೆಯೇ ಕವಲೊಡೆದ ನೂಲಿನಂತೆ ಕಾಣುವ ನೊಕಾರ್ಡಿಯಾ ಎಂಬ ಇನ್ನೊಂದಿದೆ. ಸೂಕ್ಷ್ಮದರ್ಶಕದಲ್ಲಿ ಎರಡೂ ಅಣ್ಣತಮ್ಮಂದಿರ ಹಾಗೆ, ಮದ್ದು ಮಾತ್ರ ಬೇರೆ. ಮೊದಲನೆಯದು ಪೆನಿಸಿಲಿನ್ ಬಳಗಕ್ಕೆ ಬಗ್ಗುತ್ತದೆ, ಎರಡನೆಯದಕ್ಕೆ ಸಲ್ಫಾ ಬಳಗ ಬೇಕು. ಎರಡಕ್ಕೂ ವಾರಗಳಲ್ಲ, ಹಲವೊಮ್ಮೆ ತಿಂಗಳುಗಳ ಮದ್ದು. ಜೊತೆಗೆ ಎಫ್‌ಐವಿ, ಎಫ್‌ಇಎಲ್‌ವಿ ಎಂಬ, ಬೆಕ್ಕಿನ ರೋಗ ತಡೆಯುವ ಶಕ್ತಿಯನ್ನು ಕುಗ್ಗಿಸುವ ಎರಡು ವೈರಸ್ಸುಗಳ ರಕ್ತಪರೀಕ್ಷೆ ಮಾಡಿಸಿ. ಅವು ಇದ್ದರೆ ಯಾವ ಗಾಯವೂ ಬೇಗ ಮಾಯದು.

ಎದೆಯ ಕೀವಿಗೆ ಮೊದಲು ಆಮ್ಲಜನಕ, ಆಮೇಲೆ ಏಳನೆಯ ಅಥವಾ ಎಂಟನೆಯ ಪಕ್ಕೆಲುಬಿನ ಸಂದಿಯಲ್ಲಿ ಸೂಜಿ ಹಾಕಿ ಕೀವು ತೆಗೆಯುತ್ತಾರೆ. ಉಸಿರು ಸುಧಾರಿಸಿದ ಮೇಲೆ ನಳಿಕೆ ಇಟ್ಟು, ಕಿಲೋ ತೂಕಕ್ಕೆ 10ರಿಂದ 20 ಮಿಲಿಲೀಟರಿನಂತೆ ಬೆಚ್ಚಗಿನ ಸಲೈನ್ ಒಳಬಿಟ್ಟು ಹೊರತೆಗೆದು ದಿನಕ್ಕೆ ಎರಡೋ ಮೂರೋ ಸಲ ತೊಳೆಯುತ್ತಾರೆ. 4 ಕಿಲೋ ಬೆಕ್ಕಿಗೆ ಒಮ್ಮೆಗೆ 40ರಿಂದ 80 ಮಿಲಿ. ಹಾಕಿದ್ದೆಷ್ಟು, ಬಂದದ್ದೆಷ್ಟು ಎಂಬ ಲೆಕ್ಕ ಪ್ರತಿ ಸಲವೂ ಇರಬೇಕು. ಹಾಕಿದ್ದಕ್ಕಿಂತ ತುಂಬ ಕಡಿಮೆ ಮರಳಿದರೆ ನಳಿಕೆ ಕಟ್ಟಿದೆ, ಇಲ್ಲವೇ ಕೀವು ಒಳಗೆ ಕೋಣೆ ಕೋಣೆಯಾಗಿ ಗಟ್ಟಿಯಾಗಿದೆ. ಮೊದಲ ಎರಡು ದಿನ ದಾಟಿದ ಬೆಕ್ಕು ಬದುಕುವ ಭರವಸೆ ಚೆನ್ನಾಗಿದೆ. ಕೆಲವು ದಿನ ತೊಳೆದೂ ಕೀವು ತಗ್ಗದಿದ್ದರೆ, ಅಥವಾ ಸ್ಕ್ಯಾನಿನಲ್ಲಿ ಚೂರು ಕಂಡರೆ ಎದೆ ತೆರೆದೇ ತೆಗೆಯಬೇಕು.

ಚರ್ಮದಲ್ಲಿರುವ ತೂತಿನ ದಾರಿಯನ್ನು ಬಿಡಿಸುವಾಗ ಒಂದು ಎಚ್ಚರ. ತೂತು ಕಾಣುವ ಜಾಗದಲ್ಲೇ ಚೂರು ಇರುತ್ತದೆಂದು ಹೇಳಲಾಗದು. ಪಕ್ಕೆಯ ತೂತಿನ ಮೂಲ ಹತ್ತು ಸೆಂಟಿಮೀಟರ್ ಮುಂದೆ ಕಂಕುಳಲ್ಲಿ ಇರಬಹುದು. ದಾರಿಯನ್ನು ಕೊನೆ ಮುಟ್ಟುವ ತನಕ ಹಿಂಬಾಲಿಸಿ, ಸುತ್ತಲಿನ ಗಟ್ಟಿಯಾದ ಅಂಗಾಂಶವನ್ನೂ ಸೇರಿಸಿ ತೆಗೆದರೆ ಮಾತ್ರ ಕೆಲಸ ಮುಗಿಯುತ್ತದೆ. ಬೀಜ ಕೀವಿನಲ್ಲಿ ಕೊಳೆತು ಮುರಿದಿರುವುದೂ ಉಂಟು. ತೆಗೆದ ಚೂರಿನ ಎರಡು ತುದಿಯೂ ಇವೆಯೇ ಎಂದು ಕೇಳಿ ನೋಡಿಕೊಳ್ಳಿ.

ಮನೆಗೆ ಬಂದ ಮೇಲೆ

ಎದೆಯದ್ದಕ್ಕೆ ನಾಲ್ಕರಿಂದ ಆರು ವಾರ ಮದ್ದು ಸಾಮಾನ್ಯ. ಹತ್ತನೆಯ ದಿನಕ್ಕೆ ಬೆಕ್ಕು ಗೋಡೆ ಹತ್ತುತ್ತದೆ, ಮನೆಯವರು ಮದ್ದು ನಿಲ್ಲಿಸುತ್ತಾರೆ, ಒಂದು ತಿಂಗಳಿಗೆ ಎಲ್ಲ ಮೊದಲಿನಿಂದ. ಈ ಒಂದು ತಪ್ಪನ್ನು ಮಾಡಬೇಡಿ. ಮಾತ್ರೆ ಕೊಟ್ಟ ಮೇಲೆ ಸೂಜಿ ತೆಗೆದ ಸಿರಿಂಜಿನಲ್ಲಿ ಐದಾರು ಮಿಲಿ ನೀರನ್ನು ಕೆನ್ನೆಯ ಬದಿಯಿಂದ ಮೆಲ್ಲಗೆ ಕುಡಿಸಿ. ಬೆಕ್ಕಿನ ಅನ್ನನಾಳದಲ್ಲಿ ಮಾತ್ರೆ ಅಂಟಿಕೊಳ್ಳುವುದು ಸುಲಭ. ಡಾಕ್ಸಿಸೈಕ್ಲಿನ್, ಕ್ಲಿಂಡಾಮೈಸಿನ್ ಹಾಗೆ ಅಂಟಿದರೆ ಸುಟ್ಟ ಗಾಯವಾಗಿ ಅನ್ನನಾಳವೇ ಕಿರಿದಾಗುತ್ತದೆ. ಕಹಿ ಮಾತ್ರೆಗೆ ನೊರೆ ಜೊಲ್ಲು ಸುರಿಸಿದರೆ ವಿಷವೆಂದು ಹೆದರಬೇಕಿಲ್ಲ, ಬೇಯಿಸಿದ ಬಂಗುಡೆಯ ಮೆದು ಭಾಗದಲ್ಲಿ, ಮುಳ್ಳು ಬಿಡಿಸಿ, ಅಡಗಿಸಿ ಕೊಡಿ.

ಎರಡು ದಿನ ಪೂರ್ತಿ ತಿನ್ನದ ಬೆಕ್ಕಿಗೆ ಯಕೃತ್ತಿನಲ್ಲಿ ಕೊಬ್ಬು ತುಂಬುವ ಬೇರೊಂದು ಕಾಯಿಲೆ ಶುರುವಾಗಬಹುದು, ದಪ್ಪ ಬೆಕ್ಕಿಗೆ ಇನ್ನೂ ಬೇಗ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ತಿಳಿಯದೆ ಹಸಿವೆ ಹುಟ್ಟುವುದಿಲ್ಲ, ಹಾಗಾಗಿ ಆಹಾರವನ್ನು ಬೆಚ್ಚಗೆ ಮಾಡಿ ಇಡಿ. ಮದ್ದು ಮುಗಿದ ಮೇಲೂ ಎರಡು ತಿಂಗಳು ವಾರಕ್ಕೊಮ್ಮೆ ತೂಕ, ನಿದ್ದೆಯ ಉಸಿರು, ಹಳೆಯ ಗಾಯದ ಜಾಗ, ಈ ಮೂರನ್ನೂ ಪುಸ್ತಕದಲ್ಲಿ ಬರೆಯುತ್ತಿರಿ.

ಅಂಗಳ, ಅಟ್ಟ, ತೋಟ

ಮನೆಯ ಸುತ್ತ ಹತ್ತು ಹದಿನೈದು ಅಡಿಯ ಹುಲ್ಲನ್ನು ತೆನೆ ಮೂಡುವ ಮೊದಲು, ಸೆಪ್ಟೆಂಬರ್ ಕೊನೆಯೊಳಗೆ ಕೊಯ್ಯಬೇಕು. ನವೆಂಬರಿನಲ್ಲಿ ಒಣಗಿದ ತೆನೆಗೆ ಕಳೆ ಕೊಚ್ಚುವ ಯಂತ್ರ ಹಾಕಿದರೆ ಬೀಜ ಇನ್ನಷ್ಟು ದೂರಕ್ಕೆ ಸಿಡಿಯುತ್ತದೆ. ಆಗ ಕತ್ತಿಯಿಂದ ಕೊಯ್ದು, ತೆನೆ ಮೇಲಾಗಿ ಸೂಡಿ ಕಟ್ಟಿ ಹೊರಗೆ ಒಯ್ಯುವುದೇ ಸರಿ. ಗುಡ್ಡೆಯಿಂದ ಬಂದವರು ಲುಂಗಿ, ಸೀರೆಗೆ ಕಚ್ಚಿದ ಬೀಜವನ್ನು ಜಗಲಿಯಲ್ಲಿ ಕೂತು ಹೆಕ್ಕಿ ಅಲ್ಲೇ ಎಸೆಯುತ್ತಾರೆ, ಬೆಕ್ಕು ಮಲಗುವುದೂ ಅಲ್ಲೇ. ಹೆಕ್ಕಿದ್ದನ್ನು ಒಲೆಗೆ ಹಾಕಿ. ಅಟ್ಟದ ಬೈಹುಲ್ಲಿನಲ್ಲಿ ಮರಿ ಹಾಕಲು ಬಿಡದೆ, ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಹತ್ತಿ ಸೀರೆ ಮಡಚಿ ಹಾಕಿ ಕತ್ತಲ ಮೂಲೆಯಲ್ಲಿಡಿ. ಹುಲ್ಲು ತಿನ್ನುವ ಆಸೆಗೆ ಒಂದು ಚಟ್ಟಿಯಲ್ಲಿ ಗೋಧಿ ಬಿತ್ತಿ, ಬೆರಳುದ್ದ ಬಂದಾಗ ಇಡಿ. ಎರಡು ವಾರಕ್ಕೊಮ್ಮೆ, ಎಲೆ ಬಲಿಯುವ ಮೊದಲು, ಹೊಸತಾಗಿ ಬಿತ್ತಿ. ಮಜ್ಜಿಗೆಹುಲ್ಲಿನ ಬುಡಕ್ಕೆ ಬೆಕ್ಕು ಹೋಗದಂತೆ ಒಂದು ಬಲೆ ಸುತ್ತಿಬಿಡಿ.